ನಡಿಗೆಗೆ ಕಾಯಬಹುದು, ಕಣ್ಣು–ಕಿವಿಗೆ ಕಾಯುವಂತಿಲ್ಲ

ಹತ್ತು ತಿಂಗಳಾದರೂ ಮಗು ಅಂಬೆಗಾಲಿಡಲಿಲ್ಲವೆಂದು ಮನೆಮಂದಿಯೆಲ್ಲ ಚಿಂತೆಗೆ ಬೀಳುತ್ತಾರೆ. ಅದೇ ಮಗುವಿನ ಕಿವಿ ಪರೀಕ್ಷೆ ಆಗಿದೆಯೇ ಎಂದು ಕೇಳಿದರೆ, ‘ಶಬ್ದ ಮಾಡಿದರೆ ತಿರುಗುತ್ತದಲ್ಲ’ ಎಂಬ ಉತ್ತರ ಬರುತ್ತದೆ. ಮೊದಲ ವರ್ಷದ ಕೆಲವು ಸಂಗತಿಗಳಿಗೆ ತಿಂಗಳುಗಟ್ಟಲೆ ಕಾದರೂ ನಷ್ಟವಿಲ್ಲ. ಇನ್ನು ಕೆಲವಕ್ಕೆ ಗಡುವಿದೆ, ಅದೂ ದಿನಗಳ ಲೆಕ್ಕದಲ್ಲಿ. ಯಾವುದು ಯಾವ ಗುಂಪಿಗೆ ಸೇರಿದ್ದೆಂದು ಹೆರಿಗೆಗೆ ಮೊದಲೇ ತಿಳಿದಿದ್ದರೆ ಅರ್ಧ ಆತಂಕ ಕಡಿಮೆಯಾಗುತ್ತದೆ.

ಆಸ್ಪತ್ರೆ ಬಿಡುವ ಮುನ್ನ

ಹೆಪಟೈಟಿಸ್–ಬಿ ಲಸಿಕೆಯ ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೇ ಬೀಳಬೇಕು. ಅದರ ಜೊತೆಗೆ ಬಿಸಿಜಿ ಮತ್ತು ಪೋಲಿಯೊ ಹನಿ ಆಗಿರಬೇಕು. ಮೂರೂ ತಾಯಿ ಕಾರ್ಡಿನಲ್ಲಿ ದಿನಾಂಕ ಸಹಿತ ದಾಖಲಾಗಿವೆಯೇ ಎಂದು ಮನೆಯವರೊಬ್ಬರು ಓದಿ ನೋಡುವುದು ಒಳ್ಳೆಯದು. ಡಿಸ್ಚಾರ್ಜ್ ಚೀಟಿಯಲ್ಲಿ ಹುಟ್ಟಿದ ತೂಕ, ಎಷ್ಟನೇ ವಾರದಲ್ಲಿ ಹೆರಿಗೆಯಾಯಿತು, ಹುಟ್ಟಿದ ಕೂಡಲೇ ಅತ್ತಿತೇ, ಆಮ್ಲಜನಕ ಕೊಡಬೇಕಾಯಿತೇ ಎಂಬ ವಿವರ ಇರಲೇಬೇಕು. ಮುಂದೆ ಯಾವ ವೈದ್ಯರ ಬಳಿ ಹೋದರೂ ಮೊದಲು ಕೇಳುವುದು ಇವನ್ನೇ.

ನಮ್ಮಲ್ಲಿ ಬಾಣಂತನ ತವರಿನಲ್ಲಿ. ಕಾರ್ಡು ಗಂಡನ ಮನೆಯಲ್ಲಿ ಉಳಿದು, ಅಲ್ಲಿನ ಆಶಾ ಕಾರ್ಯಕರ್ತೆಗೆ ಮಗು ಎಲ್ಲಿದೆಯೆಂದು ಗೊತ್ತಾಗದೆ, ತವರಿನ ಆಶಾಗೆ ಮಗು ಬಂದದ್ದೇ ತಿಳಿಯದೆ ಹೋಗುವುದುಂಟು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಬಂದು ಮಗುವಿನ ತೂಕ, ಮೈ ಬಿಸಿ, ಹಾಲು ಕುಡಿಯುವ ರೀತಿ ನೋಡಬೇಕೆಂಬ ನಿಯಮವಿದೆ. ಎರಡೂ ಊರಿನವರಿಗೆ ಒಂದೊಂದು ಫೋನ್ ಮಾಡಿದರೆ ಸಾಕು, ಈ ಭೇಟಿಗಳು ತಪ್ಪುವುದಿಲ್ಲ. ಲಸಿಕೆಯನ್ನು ಯಾವ ಊರಿನ ಸರ್ಕಾರಿ ಕೇಂದ್ರದಲ್ಲಾದರೂ ಹಾಕಿಸಬಹುದು.

ದಿನಗಳ ಲೆಕ್ಕದ ಗಡುವುಗಳು

ಹುಟ್ಟಿದ ಮಕ್ಕಳಿಗೆ ಅರಿಶಿನ ಕಾಮಾಲೆ ಸಾಮಾನ್ಯ. ಮೊದಲ 24 ಗಂಟೆಯಲ್ಲೇ ಹಳದಿ ಕಂಡರೆ, ಅಥವಾ ಅಂಗೈ–ಅಂಗಾಲಿಗೂ ಹಬ್ಬಿದರೆ ಅದು ಸಾಮಾನ್ಯವಲ್ಲ. ಎಳೆಬಿಸಿಲಿಗೆ ಹಿಡಿದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎರಡು ವಾರ ಕಳೆದರೂ ಹಳದಿ ಹೋಗಿಲ್ಲ, ಮಲದ ಬಣ್ಣ ಬಿಳಿಚಿ ಸುಣ್ಣದಂತಾಗಿದೆ ಎಂದರೆ ಪಿತ್ತನಾಳ ಕಟ್ಟಿರಬಹುದು. ಅದಕ್ಕೆ ಮಾಡುವ ಶಸ್ತ್ರಚಿಕಿತ್ಸೆ 60 ದಿನಗಳೊಳಗೆ ಆದರೆ ಫಲ ಹೆಚ್ಚು. ಲಂಗೋಟಿ ಬದಲಿಸುವಾಗ ಬಣ್ಣ ನೋಡುವ ಅಜ್ಜಿಯ ಕಣ್ಣು ಇಲ್ಲಿ ನಿಜಕ್ಕೂ ಉಪಕಾರಿ.

ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ವಿಷಯದಲ್ಲಿ ಕಣ್ಣಿನ ಪರೀಕ್ಷೆ ಎಲ್ಲಕ್ಕಿಂತ ತುರ್ತು. 34 ವಾರಕ್ಕೆ ಮೊದಲು ಹುಟ್ಟಿದ, ಅಥವಾ ಎರಡು ಕಿಲೋಗಿಂತ ಕಡಿಮೆ ತೂಗಿದ ಮಗುವಿನ ರೆಟಿನಾದ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ದೃಷ್ಟಿಯನ್ನೇ ಕಸಿಯಬಲ್ಲವು. ಇದನ್ನು ಆರ್‌ಒಪಿ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಇರುತ್ತದೆ, ಮಗು ಅಳುವುದೂ ಇಲ್ಲ. ಹೀಗಾಗಿ ಮೊದಲ ಪರೀಕ್ಷೆ 30 ದಿನ ತುಂಬುವುದರೊಳಗೆ ಆಗಬೇಕು. ತೀರಾ ಎಳೆಯ ಕೂಸುಗಳಿಗೆ ಇನ್ನೂ ಬೇಗ, ಎರಡು–ಮೂರು ವಾರದೊಳಗೆ. ಸಕಾಲಕ್ಕೆ ಕಂಡುಹಿಡಿದರೆ ಲೇಸರ್ ಚಿಕಿತ್ಸೆಯಿಂದ ದೃಷ್ಟಿ ಉಳಿಸಬಹುದು. ಜಿಲ್ಲೆಗಳಲ್ಲಿ ಈ ತಜ್ಞರು ವಿರಳವಾದ್ದರಿಂದ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ‘ಕಿಡ್‌ರಾಪ್’ ಯೋಜನೆ ಶುರು ಮಾಡಿತು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಹೋಗಿ ಕೂಸಿನ ರೆಟಿನಾದ ಚಿತ್ರ ತೆಗೆಯುತ್ತಾರೆ, ದೂರದಲ್ಲಿರುವ ತಜ್ಞರು ಅದನ್ನು ನೋಡಿ ತೀರ್ಮಾನ ಹೇಳುತ್ತಾರೆ. ಎನ್‌ಐಸಿಯುನಿಂದ ಮನೆಗೆ ಕಳುಹಿಸುವಾಗ ‘ಕಣ್ಣಿನ ಪರೀಕ್ಷೆ ಯಾವ ದಿನ, ಎಲ್ಲಿ?’ ಎಂದು ಕೇಳಿ ಬರೆಸಿಕೊಂಡೇ ಹೊರಡಬೇಕು.

ಕಿವಿಯದು ಇನ್ನೊಂದು ಕಥೆ. ತಟ್ಟೆ ಬಡಿದು, ಚಪ್ಪಾಳೆ ತಟ್ಟಿ ಮಾಡುವ ಮನೆಪರೀಕ್ಷೆಯನ್ನು ನಂಬುವಂತಿಲ್ಲ. ಮಗು ಕೈಯಾಡಿದ್ದನ್ನು ನೋಡಿ ತಿರುಗಿರಬಹುದು, ನೆಲದ ಕಂಪನಕ್ಕೆ ಬೆಚ್ಚಿರಬಹುದು. ಕೇಳಿಸದ ಮಕ್ಕಳೂ ಮೊದಲ ತಿಂಗಳುಗಳಲ್ಲಿ ‘ಊ... ಆ...’ ಎನ್ನುತ್ತವೆ, ಆದ್ದರಿಂದ ಸುಳಿವೇ ಸಿಗುವುದಿಲ್ಲ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಅಥವಾ ತರಬೇತಿಯ ಆರಂಭ – ಇದು ಜಗತ್ತಿನಾದ್ಯಂತ ಒಪ್ಪಿಕೊಂಡಿರುವ ಲೆಕ್ಕ. ಒಎಇ ಎಂಬ ತಪಾಸಣೆಗೆ ಕೆಲವೇ ನಿಮಿಷ ಸಾಕು, ನೋವಿಲ್ಲ, ಮಗು ನಿದ್ದೆಯಲ್ಲಿದ್ದರೆ ಇನ್ನೂ ಅನುಕೂಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಪಾಸಣೆಯಿಂದ ಹಿಡಿದು ಮಾತಿನ ತರಬೇತಿಯವರೆಗೆ ಎಲ್ಲವೂ ಲಭ್ಯ.

ಕಾಯಬಹುದಾದದ್ದು, ಎಲ್ಲಿಯವರೆಗೆ?

ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳ ಬೆಳವಣಿಗೆಯನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರತಿ ಮನೆಗೂ ಸಮಾಧಾನ ಹೇಳುವಂಥದ್ದು. ಆಸರೆಯಿಲ್ಲದೆ ಕೂರುವ ವಯಸ್ಸು ಸುಮಾರು 4ರಿಂದ 9 ತಿಂಗಳವರೆಗೆ ಹರಡಿತ್ತು. ತಾನಾಗಿ ನಡೆಯುವುದು 8ರಿಂದ ಹದಿನೇಳೂವರೆ ತಿಂಗಳವರೆಗೆ. ಶೇ 4ರಷ್ಟು ಮಕ್ಕಳು ಅಂಬೆಗಾಲಿಡದೆಯೇ ನಡೆದರು. ಪಕ್ಕದ ಮನೆಯ ಮಗು ಹನ್ನೊಂದಕ್ಕೇ ಓಡಾಡಿತೆಂದು ವಾಕರ್ ತರುವ ಅಗತ್ಯವಿಲ್ಲ. ವಾಕರ್ ನಡಿಗೆಯನ್ನು ಕಲಿಸುವುದೂ ಇಲ್ಲ. ಬೀಳುವ ಅಪಾಯದ ಕಾರಣಕ್ಕೆ ಕೆನಡಾ ಅದನ್ನು 2004ರಲ್ಲೇ ನಿಷೇಧಿಸಿತು.

ಅವಧಿಪೂರ್ವ ಮಕ್ಕಳಿಗೆ ಲೆಕ್ಕ ಬೇರೆ. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ಆರು ತಿಂಗಳಾದಾಗ ನಾಲ್ಕು ತಿಂಗಳ ಮಗುವಿನ ಆಟಪಾಠವನ್ನಷ್ಟೇ ನಿರೀಕ್ಷಿಸಬೇಕು. ಆದರೆ ಲಸಿಕೆಗೆ ಈ ರಿಯಾಯಿತಿ ಇಲ್ಲ, ಅದು ಹುಟ್ಟಿದ ದಿನದಿಂದಲೇ.

ಹಾಗೆಂದು ಕಾಯುವುದಕ್ಕೂ ಕೊನೆಯಿದೆ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಐದಾದರೂ ಕತ್ತು ನಿಲ್ಲದಿದ್ದರೆ, ಹತ್ತಾದರೂ ಕೂರದಿದ್ದರೆ, ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುವ ಮಗುವನ್ನು ‘ಎಡಚ ಇರಬೇಕು’ ಎಂದು ಮುದ್ದಿನಿಂದ ಹೇಳಿ ಬಿಡುತ್ತಾರೆ. ಇನ್ನೊಂದು ಕೈಯಲ್ಲಿ ಶಕ್ತಿ ಕಡಿಮೆ ಇರಬಹುದೆಂಬುದಕ್ಕೆ ಅದು ಸೂಚನೆ. ಬಂದಿದ್ದ ವಿದ್ಯೆ ಮರೆತುಹೋದರಂತೂ, ಯಾವ ವಯಸ್ಸಾದರೂ ಸರಿ, ಅಂದೇ ಹೊರಡಬೇಕು. ‘ಇವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂಬ ಹಿರಿಯರ ಮಾತು ಪ್ರೀತಿಯಿಂದ ಬಂದದ್ದೇ, ಆದರೂ ತಪಾಸಣೆ ಮುಂದೂಡಲು ಅದು ಕಾರಣವಾಗದಿರಲಿ.

ಲಸಿಕೆ, ಆಹಾರ, ಮನೆಮದ್ದು

6, 10, 14ನೇ ವಾರ, ಆಮೇಲೆ ಒಂಬತ್ತು ತಿಂಗಳು ತುಂಬಿದಾಗ – ಮೊದಲ ವರ್ಷದ ಲಸಿಕೆಗಳು ಇಷ್ಟೇ ಭೇಟಿಯಲ್ಲಿ ಮುಗಿಯುತ್ತವೆ. ಸಣ್ಣ ನೆಗಡಿ ಇದ್ದರೂ ಹಾಕಿಸಬಹುದು. ತಪ್ಪಿದ್ದರೆ ಮೊದಲಿನಿಂದ ಆರಂಭಿಸುವ ಪ್ರಮೇಯವಿಲ್ಲ, ನಿಂತಲ್ಲಿಂದ ಮುಂದುವರಿಯುತ್ತದೆ. ಬಿಸಿಜಿ ಹಾಕಿದ ತೋಳಿನಲ್ಲಿ ಕೆಲವು ವಾರಗಳ ನಂತರ ಗುಳ್ಳೆಯೆದ್ದು ಕೀವಾಗುವುದು ಸಹಜ, ಮುಲಾಮು ಬೇಡ.

ಆರು ತಿಂಗಳವರೆಗೆ ಎದೆಹಾಲು ಮಾತ್ರ. ನಂತರ ರಾಗಿ ಸರಿ, ಬೇಳೆಯೊಂದಿಗೆ ಬೆಂದ ಮೆತ್ತನೆ ಅನ್ನ, ಮಸೆದ ಬಾಳೆಹಣ್ಣು. ವರ್ಷದೊಳಗೆ ಜೇನು ನೆಕ್ಕಿಸಬಾರದು. ಅದರಲ್ಲಿರಬಹುದಾದ ಬಾಟ್ಯುಲಿಸಮ್ ಕಣಗಳು ಎಳೆಕೂಸಿನ ಕರುಳಲ್ಲಿ ವಿಷ ಉಂಟುಮಾಡಬಲ್ಲವು. ಬಜೆ ತೇಯ್ದು ಕೊಡುವುದೂ, ಕಿವಿಗೆ ಎಣ್ಣೆ ಬಿಡುವುದೂ ಬೇಡ. ಎಣ್ಣೆ ಮಾಲೀಶು, ಬಿಸಿನೀರಿನ ಸ್ನಾನ ಮೆದುವಾಗಿದ್ದರೆ ತೊಂದರೆಯಿಲ್ಲ.

ಎರಡು ತಿಂಗಳೊಳಗಿನ ಮಗು ಹಾಲು ಕುಡಿಯುವುದನ್ನು ನಿಲ್ಲಿಸಿದರೆ, ಉಸಿರು ನಿಮಿಷಕ್ಕೆ 60 ದಾಟಿದರೆ, ಪಕ್ಕೆ ಒಳಕ್ಕೆಳೆದರೆ, ಜ್ವರ ಬಂದರೆ ಅಥವಾ ಮೈ ತಣ್ಣಗಾದರೆ 108ಕ್ಕೆ ಕರೆ ಮಾಡಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ವರ್ಷದೊಳಗಿನ ಮಕ್ಕಳಿಗೆ ಚಿಕಿತ್ಸೆ ಉಚಿತ.

ಆರು ತಿಂಗಳ ಆಸುಪಾಸಿನಲ್ಲಿ ಕೆಲವು ಮಕ್ಕಳು ನಿದ್ದೆಯಿಂದ ಎದ್ದ ಕೂಡಲೇ ನಮಸ್ಕಾರ ಮಾಡಿದಂತೆ ತಲೆ ಬಾಗಿಸಿ, ಕೈ ಚಾಚಿ, ಮೇಲಿಂದ ಮೇಲೆ ಬೆಚ್ಚುತ್ತವೆ. ಹೊಟ್ಟೆನೋವು ಇರಬೇಕೆಂದು ಮನೆಯವರು ಅಂದುಕೊಳ್ಳುತ್ತಾರೆ. ಅದು ಒಂದು ಬಗೆಯ ಫಿಟ್ಸ್ ಆಗಿರಬಹುದು, ಚಿಕಿತ್ಸೆ ತಡವಾದಷ್ಟೂ ಮಿದುಳಿಗೆ ಹಾನಿ. ಆಸ್ಪತ್ರೆ ತಲುಪುವ ಹೊತ್ತಿಗೆ ಬೆಚ್ಚುವುದು ನಿಂತಿರುತ್ತದೆ, ಬಾಯಿಮಾತಿನಲ್ಲಿ ವಿವರಿಸುವುದೂ ಕಷ್ಟ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು, ತಾಯಿ ಕಾರ್ಡ್ ಮತ್ತು ಡಿಸ್ಚಾರ್ಜ್ ಚೀಟಿಯ ಜೊತೆ ಅದೇ ದಿನ ವೈದ್ಯರಿಗೆ ತೋರಿಸಬೇಕು.