ಒಂದು ಬುಧವಾರದ ಬೆಲೆ

ಸಂದರ್ಶನಕ್ಕೆಂದು ಸಂಬಳ ಕಡಿತದ ರಜೆ ಹಾಕಿದೆ ಎಂದಾಗ ನಮ್ಮ ಭಾವನವರು ನಕ್ಕುಬಿಟ್ಟರು. "ಇರೋ ಸಂಬಳ ಬಿಟ್ಟು ಇಲ್ಲದ ಕೆಲಸಕ್ಕೆ ಯಾರಾದ್ರೂ ಓಡ್ತಾರೇನಮ್ಮ?" ಒಂದು ದಿನಕ್ಕೆ ಮೂರು ಸಾವಿರ ರೂಪಾಯಿ ಹೋಯಿತು. ನಮ್ಮಂಥ ಮನೆಗೆ ಅದು ವಾರದ ದಿನಸಿ. ಆದರೂ ಕಳೆದ ವರ್ಷ ನನ್ನ ಕೈಯಿಂದ ಹೋದ ದುಡ್ಡಿನಲ್ಲಿ ಅಷ್ಟು ಚೆನ್ನಾಗಿ ದುಡಿದದ್ದು ಇನ್ನೊಂದಿಲ್ಲ.

ಹೊಸ ಕಂಪನಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ನಮ್ಮ ಮನೆ ನಾಗಸಂದ್ರದ ಕಡೆ. ಮೊದಲ ಸುತ್ತುಗಳೆಲ್ಲ ವಿಡಿಯೊದಲ್ಲೇ ಮುಗಿದವು. ಬೆಳಿಗ್ಗೆ ಎಂಟಕ್ಕೋ ಸಂಜೆ ಏಳಕ್ಕೋ ಸಮಯ ಕೇಳಿದರೆ ಹೆಚ್ಚಿನವರು ಕೊಡುತ್ತಾರೆ. ಕೇಳುವುದಕ್ಕೇ ನಮಗೆ ಸಂಕೋಚ. ಕೊನೆಯ ಸುತ್ತು ಮಾತ್ರ ಮುಖಾಮುಖಿ, ಅದೂ ಬುಧವಾರ. ಶನಿವಾರ ಆಗುತ್ತದೆಯೇ ಎಂದೆ, ಪ್ಯಾನೆಲ್‌ನವರು ಸಿಗುವುದಿಲ್ಲ ಎಂದರು. ನನ್ನ ಸಿಎಲ್ (ಕ್ಯಾಶುಯಲ್ ಲೀವ್) ಹಬ್ಬಗಳಿಗೆ ಖಾಲಿಯಾಗಿತ್ತು. ಇಎಲ್ (ಅರ್ನ್ಡ್ ಲೀವ್) ಬೇಕೆಂದರೆ ವಾರ ಮೊದಲೇ ಮಂಜೂರಾಗಬೇಕು. ಸಿಕ್ ಲೀವ್ ಉಳಿದಿತ್ತು, ಆದರೆ ಮಕ್ಕಳಿರುವ ಮನೆಯಲ್ಲಿ ಅದು ನಿಜವಾದ ಜ್ವರಕ್ಕೇ ಸಾಲುವುದಿಲ್ಲ. "ಸ್ವಂತ ಕೆಲಸವಿದೆ, ಬರೋಕಾಗಲ್ಲ, ಸಂಬಳ ಹಿಡಿದುಕೊಳ್ಳಿ" ಎಂದು ಮ್ಯಾನೇಜರಿಗೆ ಬರೆದೆ. ಅವರು ಗೊಣಗಿದರು, ಎಲ್‌ಒಪಿ (ಸಂಬಳ ಕಡಿತದ ರಜೆ) ಹಾಕಿದರು. ವಿಷಯ ಅಲ್ಲಿಗೆ ಮುಗಿಯಿತು.

ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ಹೇಳುತ್ತೇನೆ. ಗ್ರಾಸ್ 90,000, ಅದರಲ್ಲಿ ಬೇಸಿಕ್ 45,000. ತಿಂಗಳಿಗೆ 30 ದಿನವೆಂದು ಹಿಡಿದರೆ ಎಲ್‌ಒಪಿ ಒಂದು ದಿನಕ್ಕೆ 3,000. ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟುವ ಕಂಪನಿಯಾದರೆ ಆ ದಿನದ 1,500ರ ಮೇಲೆ ಮಾಲೀಕರ ಪಾಲು 12 ಪರ್ಸೆಂಟೂ ಹೋಯಿತು, ಅದು 180. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂಬಳ ಕಡಿಮೆಯಾದರೆ ತೆರಿಗೆ ಉಳಿಯುತ್ತದಲ್ಲ ಎನ್ನುವವರಿಗೆ: ಹೊಸ ಪದ್ಧತಿಯಲ್ಲಿ ಈ ಸಂಬಳಕ್ಕೆ ತೆರಿಗೆಯೇ ಇಲ್ಲ, ಉಳಿಯುವುದೆಲ್ಲಿಂದ? ಮೆಟ್ರೊಗೆ ಹೋಗಿಬರಲು 180. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಗದಿದ್ದರೆ ಕ್ಯಾಬಿಗೆ ಇದರ ಹತ್ತು ಪಟ್ಟಾದರೂ ಕೊಡಬೇಕಿತ್ತು. ಒಟ್ಟು 3,360. ನನ್ನ ಬುಧವಾರದ ಬೆಲೆ ಇಷ್ಟು.

ಹೊಸ ಕೆಲಸದ ಗ್ರಾಸ್ 1,05,000. ತಿಂಗಳಿಗೆ 15,000 ಹೆಚ್ಚು, ದಿನಕ್ಕೆ 500. ಬುಧವಾರದ ಖರ್ಚು ಏಳು ದಿನದೊಳಗೆ ವಾಪಸ್. "ಕೆಲಸ ಸಿಕ್ಕಿದ್ದಕ್ಕೆ ಹೀಗೆ ಹೇಳ್ತೀಯ" ಎಂದರು ಭಾವ. ಮಾತು ಸರಿ. ಹಾಗಾದರೆ ನಾಲ್ಕು ಸಂದರ್ಶನಕ್ಕೆ ಒಂದು ಮಾತ್ರ ಫಲಿಸುತ್ತದೆ ಎಂದುಕೊಳ್ಳೋಣ. 3,360ನ್ನು ನಾಲ್ಕರಿಂದ ಗುಣಿಸಿ: 13,440. ಮೊದಲ ತಿಂಗಳ ಹೆಚ್ಚುವರಿಯಲ್ಲೇ ಅಷ್ಟೂ ತೀರಿ ಇನ್ನೂ 1,560 ಉಳಿಯುತ್ತದೆ. ಎರಡನೇ ತಿಂಗಳಿಂದ ಬಂದದ್ದೆಲ್ಲ ನಮ್ಮದೇ.

ಎಲ್ಲರೂ ಎಲ್‌ಒಪಿಯನ್ನೇ ಹಾಕಬೇಕೆಂದಿಲ್ಲ. ಸಿಎಲ್ ಸಾಮಾನ್ಯವಾಗಿ ವರ್ಷದ ಕೊನೆಗೆ ರದ್ದಾಗುತ್ತದೆ, ನಗದಾಗುವುದಿಲ್ಲ. ಆದ್ದರಿಂದ ಅದು ಬಿಟ್ಟಿ. ಇಎಲ್ ಕೆಲಸ ಬಿಡುವಾಗ ನಗದಾಗುತ್ತದೆ, ಬಹಳ ಕಡೆ ಬೇಸಿಕ್ ಮೇಲೆ ಮಾತ್ರ. ಅಂದರೆ ನನ್ನ ಲೆಕ್ಕದಲ್ಲಿ ದಿನಕ್ಕೆ 1,500, ಅರ್ಧ ಬೆಲೆ. ಮೊದಲು ಸಿಎಲ್, ಆಮೇಲೆ ಇಎಲ್, ಕೊನೆಗೆ ಎಲ್‌ಒಪಿ. "ಇಎಲ್ ಉಳಿಸ್ಕೊಂಡರೆ ಎನ್‌ಕ್ಯಾಶ್ ಆಗುತ್ತೆ" ಎಂದು ಎಲ್‌ಒಪಿ ಹಾಕುವವರನ್ನು ನೋಡಿದ್ದೇನೆ. 1,500 ಉಳಿಸಲು 3,000 ಕೊಡುವ ಜಾಣರು.

ರಾಜೀನಾಮೆ ಕೊಟ್ಟು ನೋಟಿಸ್ ಅವಧಿಯಲ್ಲಿ ನಿಧಾನವಾಗಿ ಹುಡುಕುತ್ತೇನೆ ಎನ್ನುವವರೂ ಇದ್ದಾರೆ. 90 ದಿನದ ನೋಟಿಸ್ ಇರುವ ಹಲವು ಕಂಪನಿಗಳಲ್ಲಿ ಆಗ ರಜೆ ಹಾಕಿದರೆ ಕೊನೆಯ ದಿನವೇ ಮುಂದಕ್ಕೆ ಹೋಗುವ ನಿಯಮ ಇರುತ್ತದೆ. ಮೇಲಾಗಿ, ಕೈಯಲ್ಲಿ ಕೆಲಸವಿಲ್ಲದವರ ಜೊತೆ ಎಚ್‌ಆರ್ ಚೌಕಾಸಿ ಮಾಡುವ ರೀತಿಯೇ ಬೇರೆ.

ಇನ್ನು ಜಾಬ್ ಪೋರ್ಟಲ್‌ಗಳ ಪೇಯ್ಡ್ ಪ್ಯಾಕೇಜು. ಪ್ರೊಫೈಲ್ ಮೇಲಕ್ಕೆ ತರುತ್ತೇವೆ, ರೆಸ್ಯೂಮೆ ತಿದ್ದಿಕೊಡುತ್ತೇವೆ, ನೇಮಕಾತಿಯವರ ಕಣ್ಣಿಗೆ ಬೀಳಿಸುತ್ತೇವೆ. ಯಾರ ಕಣ್ಣಿಗೆ? ನಾನೂ ಒಮ್ಮೆ ಕೊಂಡು ನೋಡಿದೆ. ಮಧ್ಯಾಹ್ನ ಮೀಟಿಂಗ್ ನಡುವೆ ಫೋನಿನ ಮೇಲೆ ಫೋನು. ಅರ್ಧಕ್ಕರ್ಧ ನನಗೆ ಸಂಬಂಧವೇ ಇಲ್ಲದ ಕೆಲಸಗಳು, ಇನ್ನರ್ಧ ಇನ್ನೊಂದು ಪ್ಯಾಕೇಜು ಮಾರುವವರು. ಉದ್ಯೋಗದಲ್ಲಿರುವವರಿಗೆ ಕೊರತೆ ಇರುವುದು ಸಮಯಕ್ಕೆ. ಅದನ್ನು ಇನ್ನಷ್ಟು ತಿನ್ನುವ ಸೇವೆಗೆ ದುಡ್ಡು ಬೇರೆ ಕೊಡಬೇಕೇ? ಅದೇ ದುಡ್ಡಿಗೆ ಒಂದು ದಿನ ರಜೆ ಬರುತ್ತದೆ. ಇಂಥ ಪ್ಯಾಕೇಜಿನ ಬಗ್ಗೆ ಓದುಗರು ನನ್ನನ್ನು ಇನ್ನು ಕೇಳಬೇಡಿ.

ಸ್ವಲ್ಪ ಬುದ್ಧಿಮಾತು ಹೇಳಿಯೇಬಿಡುತ್ತೇನೆ. ಜನವರಿಯಲ್ಲಿ ಬಂದ ಸಿಎಲ್‌ಗಳನ್ನು ಯುಗಾದಿಯೊಳಗೆ ಮುಗಿಸುವ ಚಾಳಿ ಬಿಡಿ; ಎರಡನ್ನಾದರೂ ಮುಟ್ಟದೆ ಇಡಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಸಂದರ್ಶನ ಕೊಡಬೇಡಿ. ಬದುಕಿರುವ ಅಜ್ಜಿಯನ್ನು ರಜೆಗಾಗಿ ಸಾಯಿಸಬೇಡಿ. ಮುಂದೆ ನಿಜವಾಗಿ ರಜೆ ಬೇಕಾದಾಗ ಯಾರೂ ನಂಬುವುದಿಲ್ಲ. ಮುಖ್ಯವಾಗಿ, ಎಚ್‌ಆರ್ ಫೋನ್ ಮಾಡಿದ ಕೂಡಲೇ "ಆಯ್ತು ಸರ್, ಬರ್ತೀನಿ" ಎನ್ನಬೇಡಿ. ಬಜೆಟ್ ಎಷ್ಟು, ಇನ್ನೆಷ್ಟು ಸುತ್ತು ಬಾಕಿ, ಅವನ್ನು ಒಂದೇ ದಿನ ಮುಗಿಸಬಹುದೇ, ನನ್ನ ನೋಟಿಸ್ ಅವಧಿ ಮುಗಿಯುವವರೆಗೆ ಕಾಯುತ್ತೀರಾ ಎಂದು ಕೇಳಿ. ಉತ್ತರ ಹೇಳಲು ತಡವರಿಸುವವರಿಗೆ ಸಂಜೆಯ ವಿಡಿಯೊ ಕರೆ ಸಾಕು.

ನಾನು ಈಗ ಪಾಲಿಸುವ ಅಳತೆ ಇಷ್ಟೇ: ಅವರು ಹೇಳಿದ ಬಜೆಟ್‌ನಲ್ಲಿ ತಿಂಗಳಿಗೆ ಸಿಗುವ ಹೆಚ್ಚಳ ನನ್ನ ಒಂದು ದಿನದ ಬೆಲೆಯ ನಾಲ್ಕು ಪಟ್ಟು ದಾಟಿದರೆ ಎಲ್‌ಒಪಿಗೂ ಸೈ. ದಾಟದಿದ್ದರೆ ಶನಿವಾರ ಕೊಡಿ ಎನ್ನುತ್ತೇನೆ, ಕೊಡದಿದ್ದರೆ ಬಿಡುತ್ತೇನೆ. ನಿಮ್ಮ ಪೇಸ್ಲಿಪ್ ತೆಗೆದು ನಿಮ್ಮ ಒಂದು ದಿನದ ಬೆಲೆಯನ್ನು ಇವತ್ತೇ ಬರೆದಿಟ್ಟುಕೊಳ್ಳಿ. ಫೋನ್ ಬಂದಮೇಲೆ ಲೆಕ್ಕ ಮಾಡಲು ಕೂತರೆ ಆಸೆ ಅಡ್ಡ ಬರುತ್ತದೆ.