ಉಪ್ಪಿನ ಹೊರೆಯ ಬೆಲೆ: ಬರ್ಬರ್ ನಾಡಿನ ಕಾಫಿಲಾ ದಾರಿಯಲ್ಲಿ ಒಂದು ವಾಣಿಜ್ಯ ಪಾಠ



ವ್ಯವಹಾರ ಅಧ್ಯಯನದ ಮೊದಲ ಅಧ್ಯಾಯದಲ್ಲಿ ನಾವು ಒಂದು ಪಟ್ಟಿಯನ್ನು ಬಾಯಿಪಾಠ ಮಾಡುತ್ತೇವೆ. ಸ್ಥಳದ ಅಡಚಣೆಗೆ ಸಾರಿಗೆ, ಕಾಲದ ಅಡಚಣೆಗೆ ಉಗ್ರಾಣ, ಅಪಾಯಕ್ಕೆ ವಿಮೆ, ಹಣಕಾಸಿಗೆ ಬ್ಯಾಂಕು, ಮಾಹಿತಿಗೆ ಜಾಹೀರಾತು. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಮೇಲೆ ಇದನ್ನು ಮರೆತುಬಿಡುತ್ತೇವೆ. ಈ ಎಲ್ಲ ಅಡಚಣೆಗಳೂ ಒಂದೇ ದಾರಿಯಲ್ಲಿ, ಒಂದರ ಹಿಂದೆ ಒಂದು ಎದುರಾದರೆ ಹೇಗಿರುತ್ತದೆ? ಲಾರಿ, ವಿಮಾ ಕಂಪನಿ, ಬ್ಯಾಂಕು ಯಾವುದೂ ಇಲ್ಲದ ಕಾಲದಲ್ಲಿ ಜನ ಅವನ್ನು ಹೇಗೆ ದಾಟಿದರು? ಇದನ್ನು ತಿಳಿಯಲು ನಾನು ಉತ್ತರ ಆಫ್ರಿಕಾದ ಒಂದು ಹಳೆಯ ದಾರಿಯನ್ನು ಆರಿಸಿಕೊಂಡಿದ್ದೇನೆ. ನಾನು ಆ ದಾರಿಯಲ್ಲಿ ಹೋದವಳಲ್ಲ. ನಕ್ಷೆಯನ್ನೂ ಒಬ್ಬ ಹಳೆಯ ಪ್ರವಾಸಿಯ ಬರಹವನ್ನೂ ಜೊತೆಗಿಟ್ಟುಕೊಂಡು ಓದಿದ್ದನ್ನು ಇಲ್ಲಿ ಪಾಠದಂತೆ ಬರೆಯುತ್ತಿದ್ದೇನೆ.

ದಾರಿಯ ಜನ

ಮೊರಾಕ್ಕೊ, ಅಲ್ಜೀರಿಯಾ, ಮಾಲಿ ಮುಂತಾದ ದೇಶಗಳ ಬೆಟ್ಟ ಮತ್ತು ಮರುಭೂಮಿಗಳಲ್ಲಿ ಬಹು ಹಿಂದಿನಿಂದ ಇರುವ ಜನರನ್ನು ಹೊರಗಿನವರು ಬರ್ಬರರು ಎಂದು ಕರೆದರು. ಅರ್ಥವಾಗದ ಭಾಷೆ ಆಡುವವರಿಗೆ ಗ್ರೀಕರು ಇಟ್ಟ ಹೆಸರಿನಿಂದ ಈ ಶಬ್ದ ಬಂದಿದೆ. ಅವರು ತಮ್ಮನ್ನು ಇಮಾಝಿಘೆನ್ ಎನ್ನುತ್ತಾರೆ, ಒಬ್ಬರಾದರೆ ಅಮಾಝಿಘ್. ‘ಸ್ವತಂತ್ರ ಜನ’ ಎಂದು ಇದಕ್ಕೆ ಅರ್ಥ ಹೇಳುವುದು ರೂಢಿ. ಅವರ ಭಾಷೆಗೆ ತಿಫಿನಾಘ್ ಎಂಬ ಸ್ವಂತ ಲಿಪಿ ಇದೆ. ಮನೆಯಲ್ಲಿ ಆಡಿದರೂ ಶಾಲೆಯಲ್ಲಿ, ಕಚೇರಿಯಲ್ಲಿ ಈ ಭಾಷೆಗೆ ಬಹುಕಾಲ ಜಾಗ ಇರಲಿಲ್ಲ. 2011ರ ಸಂವಿಧಾನದಲ್ಲಿ ಮೊರಾಕ್ಕೊ ಅದನ್ನು ಅರಬ್ಬಿಯ ಜೊತೆಗೆ ಅಧಿಕೃತ ಭಾಷೆ ಎಂದು ಒಪ್ಪಿತು. ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ, ಪಠ್ಯದಲ್ಲಿ ಇಂಗ್ಲಿಷ್ ಎಂದು ದಿನವೂ ಮೂರು ಭಾಷೆಗಳ ನಡುವೆ ಓಡಾಡುವ ನನಗೆ ಈ ಸಂಗತಿ ದೂರದ್ದೆನಿಸಲಿಲ್ಲ.

ಆ ಪ್ರವಾಸಿಯ ಹೆಸರು ಇಬ್ನ್ ಬತೂತ. ಬರ್ಬರ್ ಮೂಲದ ಮನೆತನದವನು, 1304ರಲ್ಲಿ ಟಾಂಜಿಯರ್‌ನಲ್ಲಿ ಹುಟ್ಟಿದವನು. 1325ರಲ್ಲಿ ಹಜ್‌ಗೆಂದು ಹೊರಟವನು ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕನ ಬಳಿ ಖಾಝಿಯಾಗಿದ್ದ. ನಮ್ಮ ಕರಾವಳಿಗೂ ಬಂದಿದ್ದ. ಹೊನ್ನಾವರ, ಬಾರ್ಕೂರು, ಮಂಗಳೂರು ಅವನ ಬರಹದಲ್ಲಿವೆ. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆ ಎಂದು ಅವನು ಹೇಳಿದ್ದಾನೆ. ಈ 13 ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಿ.

ಅವನ ಕೊನೆಯ ದೊಡ್ಡ ಪ್ರಯಾಣ ಸಹಾರಾ ದಾಟಿ ಮಾಲಿ ರಾಜ್ಯಕ್ಕೆ. 1352ರ ಫೆಬ್ರವರಿಯಲ್ಲಿ ಸಿಜಿಲ್ಮಾಸದಿಂದ ಕಾಫಿಲಾ ಹೊರಟಿತು.

1. ಬೆಟ್ಟ: ಸ್ಥಳ ಮತ್ತು ಕಾಲದ ಅಡಚಣೆ

ನಕ್ಷೆಯಲ್ಲಿ ಮೊರಾಕ್ಕೊವನ್ನು ನೋಡಿದರೆ ನೈಋತ್ಯದಿಂದ ಈಶಾನ್ಯಕ್ಕೆ ಅಟ್ಲಾಸ್ ಪರ್ವತ ಸಾಲು ಗೋಡೆಯಂತೆ ನಿಂತಿದೆ. ಅದರ ಉತ್ತರಕ್ಕೆ ಫೆಸ್, ಮರಾಕೆಶ್‌ನಂಥ ನಗರಗಳು, ದಕ್ಷಿಣಕ್ಕೆ ಖರ್ಜೂರದ ತೋಟಗಳು, ಆಮೇಲೆ ಮರಳು. ಇಂದು ಮರಾಕೆಶ್‌ನಿಂದ ದಕ್ಷಿಣಕ್ಕೆ ಹೋಗುವ ರಸ್ತೆ ಟಿಝಿ ಎನ್ ಟಿಶ್ಕಾ ಎಂಬ ಕಣಿವೆದಾರಿಯಲ್ಲಿ 2,260 ಮೀಟರ್ ಎತ್ತರಕ್ಕೆ ಏರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಅದು ಮುನ್ನೂರು ಮೀಟರಿಗೂ ಹೆಚ್ಚು ಎತ್ತರ. ಬೆಟ್ಟ ಇಳಿದ ಮೇಲೆ ಹಳೆಯ ಕಾಫಿಲಾ ದಾರಿಯಲ್ಲಿ ಸಿಗುವ ಐತ್ ಬೆನ್ ಹದ್ದು ಎಂಬ ಮಣ್ಣಿನ ಕೋಟೆಯೂರು 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಕಾಲದ ಅಡಚಣೆಗೆ ಉಗ್ರಾಣ ಎಂದು ನಾವು ಓದಿದ್ದೇವಷ್ಟೇ. ಪಶ್ಚಿಮದ ಆಂಟಿ-ಅಟ್ಲಾಸ್ ಬೆಟ್ಟಗಳಲ್ಲಿ ಅಗಾದಿರ್ ಎಂಬ ಸಾಮೂಹಿಕ ಕಣಜಗಳಿವೆ. ಒಂದೇ ಕಟ್ಟಡದೊಳಗೆ ಸಾಲು ಸಾಲು ಕೋಣೆಗಳು, ಒಂದೊಂದು ಕುಟುಂಬಕ್ಕೆ ಒಂದೊಂದು ಕೋಣೆ, ಅದಕ್ಕೆ ಅವರದೇ ಬೀಗ. ಬಾರ್ಲಿ, ಎಣ್ಣೆ, ಆಭರಣ, ಜಮೀನಿನ ಪತ್ರ ಎಲ್ಲವೂ ಅಲ್ಲಿ. ಕಣಜದ ನಿಯಮಗಳನ್ನು ಮರದ ಹಲಗೆಗಳ ಮೇಲೆ ಬರೆದಿಡುತ್ತಿದ್ದರು. ಕಾಯುವವನನ್ನು ಅಮೀನ್ ಎನ್ನುತ್ತಿದ್ದರು, ಅವನ ಸಂಬಳವನ್ನು ಕುಟುಂಬಗಳು ಸೇರಿ ಕೊಡುತ್ತಿದ್ದವು. ಬ್ಯಾಂಕ್ ಲಾಕರಿನ ಎಲ್ಲ ಲಕ್ಷಣಗಳೂ ಇಲ್ಲಿ ಕಾಣುತ್ತವೆ.

ಇಲ್ಲಿ ಒಂದು ಶಬ್ದದ ಮಾತು. ಅಮೀನ್ ಎಂದರೆ ನಂಬಿಗಸ್ಥ. ಅದೇ ಮೂಲದಿಂದ ಬಂದ ಅಮಾನತ್ ಎಂಬ ಶಬ್ದಕ್ಕೆ ನಮ್ಮ ಮನೆಯ ಉರ್ದುವಿನಲ್ಲಿ ‘ನಂಬಿ ಒಪ್ಪಿಸಿದ ವಸ್ತು’ ಎಂಬ ಅರ್ಥವಿದೆ. ಕನ್ನಡ ಪತ್ರಿಕೆಯಲ್ಲಿ ‘ಅಧಿಕಾರಿ ಅಮಾನತು’ ಎಂದು ಓದಿದರೆ ಅವರನ್ನು ಕೆಲಸದಿಂದ ದೂರ ಇಟ್ಟಿದ್ದಾರೆ ಎಂದರ್ಥ. ಒಂದೇ ಶಬ್ದ ಎರಡು ಭಾಷೆಗಳಲ್ಲಿ ಎರಡು ದಾರಿ ಹಿಡಿದಿದೆ.

2. ಸಿಜಿಲ್ಮಾಸ: ಹಣಕಾಸಿನ ಅಡಚಣೆ

ಸಿಜಿಲ್ಮಾಸ ಎಂಟನೆಯ ಶತಮಾನದಲ್ಲಿ ಮರುಭೂಮಿಯ ಅಂಚಿನಲ್ಲಿ ಹುಟ್ಟಿದ ವ್ಯಾಪಾರ ನಗರ. ಇಂದು ರಿಸ್ಸಾನಿ ಎಂಬ ಊರಿನ ಪಕ್ಕದಲ್ಲಿ ಅದರ ಪಾಳು ಗೋಡೆಗಳಷ್ಟೇ ಉಳಿದಿವೆ. ಇಬ್ನ್ ಬತೂತ ಇಲ್ಲಿ ಒಬ್ಬ ವಿದ್ವಾಂಸನ ಮನೆಯಲ್ಲಿ ಉಳಿದಿದ್ದ. ಆ ವಿದ್ವಾಂಸನ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಅವನು ಮೊದಲೇ ಚೀನಾದಲ್ಲಿ ಭೇಟಿಯಾಗಿದ್ದನಂತೆ! ಇಲ್ಲಿಯೇ ಅವನು ಒಂಟೆಗಳನ್ನೂ ಅವಕ್ಕೆ ನಾಲ್ಕು ತಿಂಗಳ ಮೇವನ್ನೂ ಕೊಂಡ.

ಹತ್ತನೆಯ ಶತಮಾನದ ಇಬ್ನ್ ಹೌಕಲ್ ಎಂಬ ಭೂಗೋಳಜ್ಞ ಈ ವ್ಯಾಪಾರದಲ್ಲಿ ಕಂಡ ಒಂದು ಪತ್ರದ ಬಗ್ಗೆ ಬರೆದಿದ್ದಾನೆ. ಸಹಾರಾದ ದಕ್ಷಿಣ ಅಂಚಿನ ಔದಘಸ್ತ್ ಪಟ್ಟಣದ ಒಬ್ಬ ವರ್ತಕ ಸಿಜಿಲ್ಮಾಸದವನಿಗೆ 42,000 ದಿನಾರ್ ಕೊಡಬೇಕಾಗಿತ್ತು. ಸಾಕ್ಷಿಗಳಿದ್ದ ಆ ಪತ್ರಕ್ಕೆ ಸಕ್ಕ್ ಎಂದು ಹೆಸರು. ಒಂದು ದಿನಾರ್ ಸುಮಾರು 4.25 ಗ್ರಾಂ ಚಿನ್ನ ಎಂದು ಹಿಡಿದರೆ ಆ ಸಾಲ 178 ಕಿಲೋ ಚಿನ್ನಕ್ಕೆ ಸಮ. ಇದನ್ನು ಇಂದಿನ ಚೆಕ್ ಎನ್ನುವುದಕ್ಕಿಂತ ಸಾಲವನ್ನು ಒಪ್ಪಿಕೊಂಡ ಪತ್ರ ಎನ್ನುವುದು ಸರಿ. ಎರಡು ತಿಂಗಳ ಮರಳುದಾರಿಯ ಆಚೆ ಈಚೆ ಇದ್ದ ಇಬ್ಬರ ನಡುವೆ ಇಷ್ಟು ದೊಡ್ಡ ಉದ್ರಿ ನಡೆಯುತ್ತಿತ್ತು ಎಂಬುದೇ ಆಶ್ಚರ್ಯ.

ಬಂಡವಾಳ ಇಲ್ಲದವನಿಗೆ ಕಿರಾದ್ ಎಂಬ ಪಾಲುದಾರಿಕೆ ಇತ್ತು. ಒಬ್ಬ ಹಣ ಹಾಕುತ್ತಾನೆ, ಇನ್ನೊಬ್ಬ ದುಡಿಯುತ್ತಾನೆ. ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ. ದುಡಿದವನ ತಪ್ಪಿಲ್ಲದೆ ನಷ್ಟವಾದರೆ ಬಂಡವಾಳದ ನಷ್ಟ ಹಣ ಹಾಕಿದವನದು, ದುಡಿದವನಿಗೆ ಅವನ ಶ್ರಮ ನಷ್ಟ. ನಮ್ಮ ಪಾಲುದಾರಿಕೆ ಅಧ್ಯಾಯದ ಲಾಭ ಹಂಚಿಕೆಯೊಂದಿಗೆ ಇದನ್ನು ಹೋಲಿಸಿ ನೋಡಬಹುದು.

3. ಮರುಭೂಮಿ: ಅಪಾಯ ಮತ್ತು ಮಾಹಿತಿಯ ಅಡಚಣೆ

ಹೊರಟ 25 ದಿನಗಳ ಮೇಲೆ ತಘಾಝಾ ಎಂಬ ಊರು. ಅಲ್ಲಿ ಮರವೇ ಇಲ್ಲ. ಮನೆ, ಮಸೀದಿಗಳ ಗೋಡೆಗಳು ಉಪ್ಪಿನ ಗಟ್ಟಿಗಳಿಂದ ಕಟ್ಟಿದವು, ಮೇಲೆ ಒಂಟೆಯ ಚರ್ಮದ ಚಾವಣಿ. ನೆಲ ಅಗೆದರೆ ದಪ್ಪ ಹಲಗೆಗಳಂಥ ಉಪ್ಪು, ಒಂದು ಒಂಟೆಗೆ ಎರಡು ಹಲಗೆ ಹೊರೆ. ಮುಂದೆ ಹತ್ತು ದಿನಗಳ ನೀರಿಲ್ಲದ ದಾರಿ. ಅಲ್ಲಿ ಕಾಫಿಲಾದ ಒಬ್ಬ ಸಂಬಂಧಿಕನೊಡನೆ ಜಗಳವಾಡಿ ಹಿಂದೆ ಉಳಿದ, ಮತ್ತೆ ಸಿಗಲೇ ಇಲ್ಲ. ಆಮೇಲೆ ತಾನು ಎಂದೂ ಕಾಫಿಲಾದ ಮುಂದೆಯೂ ಹೋಗಲಿಲ್ಲ, ಹಿಂದೆಯೂ ಉಳಿಯಲಿಲ್ಲ ಎಂದು ಇಬ್ನ್ ಬತೂತ ಹೇಳುತ್ತಾನೆ.

ವಿಮೆ ಇಲ್ಲದ ಕಾಲದಲ್ಲಿ ಅವರು ಮಾಡಿಕೊಂಡ ಏರ್ಪಾಡು ನನಗೆ ತುಂಬ ಹಿಡಿಸಿತು. ಮಸೂಫಾ ಎಂಬ ಬರ್ಬರ್ ಪಂಗಡದ ಒಬ್ಬನನ್ನು ತಕ್ಷೀಫ್ ಆಗಿ ಗೊತ್ತುಮಾಡುತ್ತಿದ್ದರು. ಅವನು ಕಾಗದಗಳನ್ನು ಹೊತ್ತು ಒಬ್ಬನೇ ಮುಂದೆ ವಲಾತಾ ಪಟ್ಟಣಕ್ಕೆ ಹೋಗುತ್ತಾನೆ. ಸುದ್ದಿ ತಲುಪಿದರೆ ಅಲ್ಲಿನವರು ನಾಲ್ಕು ದಿನದ ದಾರಿ ಎದುರು ಬಂದು ಕಾಫಿಲಾಕ್ಕೆ ನೀರು ಕೊಡುತ್ತಾರೆ. ಅವನು ದಾರಿಯಲ್ಲಿ ಸತ್ತರೆ ಸುದ್ದಿ ಇಲ್ಲ, ನೀರು ಇಲ್ಲ, ಕಾಫಿಲಾವೇ ಉಳಿಯದಿರಬಹುದು. ಇಬ್ನ್ ಬತೂತನ ಗುಂಪು ತನ್ನ ತಕ್ಷೀಫ್‌ಗೆ 100 ಮಿಸ್ಕಾಲ್ ಚಿನ್ನ ಕೊಟ್ಟಿತು. ಆ ದಾರಿ ತೋರಿಸುವವನ ಒಂದು ಕಣ್ಣು ಹೋಗಿತ್ತು, ಇನ್ನೊಂದಕ್ಕೂ ರೋಗ. ಆದರೂ ದಾರಿಯನ್ನು ಅವನಷ್ಟು ಬಲ್ಲವರು ಇರಲಿಲ್ಲ.

100 ಮಿಸ್ಕಾಲ್ ಹೆಚ್ಚಾಯಿತೇ? ಉಪ್ಪಿನ ಬೆಲೆ ನೋಡಿ. ಒಂದು ಒಂಟೆ ಹೊರೆ ಉಪ್ಪಿಗೆ ವಲಾತಾದಲ್ಲಿ 8ರಿಂದ 10 ಮಿಸ್ಕಾಲ್. ಇನ್ನೂ ದಕ್ಷಿಣಕ್ಕೆ ಹೋಗಿ ಮಾಲಿಯ ರಾಜಧಾನಿಯಲ್ಲಿ 20ರಿಂದ 30, ಕೆಲವೊಮ್ಮೆ 40. ಅಂದರೆ ತಕ್ಷೀಫ್‌ನ ಸಂಬಳ ವಲಾತಾದ ಬೆಲೆಯಲ್ಲಿ ಹತ್ತು ಹನ್ನೆರಡು ಹೊರೆ ಉಪ್ಪಿಗೆ ಸಮ. ಕಾಫಿಲಾದಲ್ಲಿ ಎಲ್ಲರೂ ಸೇರಿ ಹಂಚಿಕೊಂಡರೆ ಅದು ವಿಮಾ ಕಂತಿನಂತೆ. ವಲಾತಾದಿಂದ ರಾಜಧಾನಿಗೆ ಹೋಗುವಾಗ ಉಪ್ಪು ಬದಲಾಗಲಿಲ್ಲ, ಅದೇ ಉಪ್ಪು. ಬದಲಾದದ್ದು ಸ್ಥಳ ಮಾತ್ರ. ನಮ್ಮ ಪುಸ್ತಕದ ‘ಸ್ಥಳ ತುಷ್ಟಿಗುಣ’ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ. ಅಲ್ಲಿ ಉಪ್ಪನ್ನು ತುಂಡು ಮಾಡಿ ನಾಣ್ಯದಂತೆಯೂ ಬಳಸುತ್ತಿದ್ದರು.

4. ಲೆಕ್ಕದ ಇನ್ನೊಂದು ಬದಿ

ಇಲ್ಲಿಗೆ ಪಾಠ ಮುಗಿಸಬಹುದಿತ್ತು. ಐದು ಅಡಚಣೆಗಳಲ್ಲಿ ಐದಕ್ಕೂ ಉತ್ತರ ಸಿಕ್ಕಿತು. ಆದರೆ ಅದೇ ಪ್ರವಾಸಿಯ ಅದೇ ಬರಹದಲ್ಲಿ ಇನ್ನೂ ಕೆಲವು ಸಂಖ್ಯೆಗಳಿವೆ. ಅವನ್ನು ಬಿಟ್ಟು ಬರೆದರೆ ಲೆಕ್ಕ ತಾಳೆಯಾಗುವುದಿಲ್ಲ.

ತಘಾಝಾದಲ್ಲಿ ಉಪ್ಪು ಅಗೆಯುತ್ತಿದ್ದವರು ಮಸೂಫಾದವರ ಗುಲಾಮರು. ಅಲ್ಲಿ ಏನೂ ಬೆಳೆಯದು. ದರಾ ಮತ್ತು ಸಿಜಿಲ್ಮಾಸದ ಖರ್ಜೂರ, ಒಂಟೆ ಮಾಂಸ, ದಕ್ಷಿಣದಿಂದ ಬರುವ ಸಿರಿಧಾನ್ಯ, ಇವೇ ಅವರ ಊಟ. ಕಾಫಿಲಾ ಬಾರದಿದ್ದರೆ ಊಟವೂ ಇಲ್ಲ.

ಹಿಂತಿರುಗುವಾಗ ತಕದ್ದಾ ಎಂಬ ತಾಮ್ರದ ಗಣಿಯ ಪಟ್ಟಣದಲ್ಲಿ ಇಬ್ನ್ ಬತೂತ ಓದು ಬಲ್ಲ ಒಬ್ಬ ಗುಲಾಮ ಹುಡುಗಿಯನ್ನು ಹುಡುಕಿದ. ಊರಿನ ಖಾಝಿ ಒಬ್ಬಳನ್ನು ಕಳಿಸಿಕೊಟ್ಟ. ಬೆಲೆ 25 ಮಿಸ್ಕಾಲ್. ಆಮೇಲೆ ಅವನು ಸೇರಿಕೊಂಡ ಕಾಫಿಲಾದಲ್ಲಿ 600 ಗುಲಾಮ ಹೆಂಗಸರಿದ್ದರು. ಅವನು ಅಟ್ಲಾಸ್ ದಾಟಿದಾಗ ಹಿಮ ಬಿದ್ದಿತ್ತು. ಬುಖಾರಾ, ಸಮರ್ಕಂದ್, ಖುರಾಸಾನಗಳ ಹಿಮ ಕಂಡ ತನಗೂ ಇಷ್ಟು ಕಷ್ಟದ ದಾರಿ ಸಿಕ್ಕಿರಲಿಲ್ಲ ಎಂದು ಬರೆಸಿದ್ದಾನೆ. ಆ 600 ಜನರಿಗೆ ದಾರಿ ಹೇಗಿತ್ತು ಎಂದು ಹೇಳುವುದಿಲ್ಲ. ಒಬ್ಬಳ ಹೆಸರೂ ಇಲ್ಲ.

25 ಮಿಸ್ಕಾಲ್ ಎಂದರೆ ಎಷ್ಟು? ಮೇಲಿನ ಬೆಲೆಗಳನ್ನು ಮತ್ತೆ ನೋಡಿ. ಮಾಲಿಯ ರಾಜಧಾನಿಯಲ್ಲಿ ಒಂದು ಒಂಟೆ ಹೊರೆ ಉಪ್ಪು. ಓದು ಬಲ್ಲ ಒಬ್ಬ ಹುಡುಗಿಗೆ ಅಷ್ಟೇ.

ಹೊನ್ನಾವರದಲ್ಲಿ ಹುಡುಗಿಯರ 13 ಶಾಲೆಗಳನ್ನು ಎಣಿಸಿ ಮೆಚ್ಚಿದವನೂ ಇವನೇ. ಹದಿನೇಳು ವರ್ಷದ, ಪುಸ್ತಕ ಹಿಡಿದ ಹುಡುಗಿಯಾಗಿ ನಾನು ಈ ಎರಡನ್ನೂ ಒಟ್ಟಿಗೆ ಓದಬೇಕಾಯಿತು. ಅವನ ಕಾಲದಲ್ಲಿ ಅನೇಕ ದೇಶಗಳಲ್ಲಿ, ಅನೇಕ ಧರ್ಮಗಳವರಲ್ಲಿ ಇದು ನಡೆಯುತ್ತಿತ್ತು ಎಂದು ಹೇಳಿ ಮುಂದೆ ಹೋಗಬಹುದು. ಅದು ನಿಜವೂ ಹೌದು. ಆದರೆ ಗುಲಾಮರನ್ನು ಬಿಡುಗಡೆ ಮಾಡುವುದು ಪುಣ್ಯದ ಕೆಲಸವೆಂದು ಆ ವರ್ತಕರಿಗೂ ಖಾಝಿಗಳಿಗೂ ಗೊತ್ತಿತ್ತು. ಆದ್ದರಿಂದ ‘ಆಗಿನ ಕಾಲ’ ಎಂಬ ಉತ್ತರ ನನಗೆ ಸಾಲಲಿಲ್ಲ.

ಲೆಕ್ಕಶಾಸ್ತ್ರದಲ್ಲಿ ‘ಹಣದ ಮಾಪನ ಪರಿಕಲ್ಪನೆ’ ಎಂದು ಓದುತ್ತೇವೆ. ಹಣದಲ್ಲಿ ಅಳೆಯಬಹುದಾದದ್ದನ್ನು ಮಾತ್ರ ಪುಸ್ತಕದಲ್ಲಿ ದಾಖಲಿಸಬೇಕು. ಇದು ಈ ಪರಿಕಲ್ಪನೆಯ ಮಿತಿ ಎಂದೂ ಬರೆದು ಅಂಕ ಪಡೆಯುತ್ತೇವೆ. ಆ ಮಿತಿ ಏನೆಂದು ನನಗೆ ಈ ದಾರಿಯಲ್ಲಿ ಅರ್ಥವಾಯಿತು. ಬಾಯಾರಿಕೆ, ಮನೆಯ ನೆನಪು, ಭಯ ಇವು ಹಣದಲ್ಲಿ ಅಳೆಯಲಾಗದವು, ಹಾಗಾಗಿ ಪುಸ್ತಕಕ್ಕೆ ಬರಲಿಲ್ಲ. ಅಳೆಯಬಾರದ ಮನುಷ್ಯರು ಮಾತ್ರ ಸರಕಾಗಿ ಪುಸ್ತಕಕ್ಕೆ ಬಂದರು. ಸಕ್ಕ್, ಕಿರಾದ್, ತಕ್ಷೀಫ್ ಇವೆಲ್ಲ ಜಾಣತನದ ಏರ್ಪಾಡುಗಳು, ಅವುಗಳ ಬಗ್ಗೆ ನನಗೆ ಮೆಚ್ಚುಗೆ ಇದೆ. ಆದರೆ ಅವು ಉಪ್ಪನ್ನು ಸಾಗಿಸಿದಷ್ಟೇ ಸಲೀಸಾಗಿ ಆ 600 ಜನರನ್ನೂ ಸಾಗಿಸಿದವು. ಸಾಗಿಸುವುದು ಏನನ್ನು ಎಂಬ ಪ್ರಶ್ನೆಯನ್ನು ಏರ್ಪಾಡು ತಾನಾಗಿ ಕೇಳುವುದಿಲ್ಲ. ವ್ಯಾಪಾರ ಮಾಡುವವರು ಕೇಳಬೇಕು.

5. ದಾರಿ ಇಂದು

ಅಡಚಣೆಗಳು ಪೂರ್ತಿ ಹೋಗಿಲ್ಲ. 2023ರ ಸೆಪ್ಟೆಂಬರ್ 8ರ ರಾತ್ರಿ ಮರಾಕೆಶ್‌ನ ನೈಋತ್ಯದ ಬೆಟ್ಟಗಳಲ್ಲಿ 6.8 ಪ್ರಮಾಣದ ಭೂಕಂಪವಾಗಿ 2,900ಕ್ಕೂ ಹೆಚ್ಚು ಜನ ತೀರಿಹೋದರು. ಅಮಾಝಿಘ್ ಹಳ್ಳಿಗಳ ಮಣ್ಣಿನ ಮನೆಗಳು ಕುಸಿದವು. ಹನ್ನೆರಡನೆಯ ಶತಮಾನದ ತಿನ್ಮೆಲ್ ಮಸೀದಿಗೂ ದೊಡ್ಡ ಹಾನಿಯಾಯಿತು. ಬಂಡೆ ಬಿದ್ದು ರಸ್ತೆಗಳು ಮುಚ್ಚಿದಾಗ ಕೆಲವು ಹಳ್ಳಿಗಳಿಗೆ ಆಹಾರ, ಕಂಬಳಿ ಮುಟ್ಟಿಸಿದ್ದು ಕತ್ತೆ, ಹೇಸರಗತ್ತೆಗಳು. ಅದೇ ಹೊರೆ ಹೊರುವ ಕೆಲಸ. ಈ ಸಲ ಲಾಭದ ಕಾಲಂ ಇರಲಿಲ್ಲ.

ನೀವೇ ಮಾಡಿ ನೋಡಿ

1. ನಿಮ್ಮ ಬಳಿ 20 ಒಂಟೆ ಹೊರೆ ಉಪ್ಪಿದೆ. ವಲಾತಾದಲ್ಲಿ ಹೊರೆಗೆ 10 ಮಿಸ್ಕಾಲಿನಂತೆ ಮಾರುವುದೋ, ರಾಜಧಾನಿಯವರೆಗೆ ಒಯ್ದು 25ರಂತೆ ಮಾರುವುದೋ? ಬೆಲೆಯ ವ್ಯತ್ಯಾಸ ಎಷ್ಟು? ಆ ವ್ಯತ್ಯಾಸದಿಂದ ಯಾವ ಯಾವ ಖರ್ಚುಗಳನ್ನು ಕಳೆಯಬೇಕು?

2. ತಕ್ಷೀಫ್‌ಗೆ ಕೊಟ್ಟ 100 ಮಿಸ್ಕಾಲನ್ನು ಕಾಫಿಲಾದ ವರ್ತಕರು ತಲೆ ಲೆಕ್ಕದಲ್ಲಿ ಹಂಚಿಕೊಳ್ಳಬೇಕೋ, ಹೊರೆಯ ಲೆಕ್ಕದಲ್ಲೋ? ಕಾರಣ ಕೊಡಿ.

3. ನಾವು ದಿನವೂ ಕೊಳ್ಳುವ ಒಂದು ವಸ್ತುವನ್ನು ಆರಿಸಿಕೊಳ್ಳಿ. ಅದರ ಬೆಲೆಯಲ್ಲಿ ಕಾಣುವವರು ಯಾರು, ಕಾಣದವರು ಯಾರು ಎಂದು ಎರಡು ಕಾಲಂ ಹಾಕಿ ಬರೆಯಿರಿ. ಇದಕ್ಕೆ ಪುಸ್ತಕದ ಕೊನೆಯಲ್ಲಿ ಉತ್ತರ ಇಲ್ಲ. ತರಗತಿಯಲ್ಲಿ ಕೂತು ಮಾತಾಡೋಣ.