ಟ್ರಿಸ್ಟಾನ್ ದ ಕುನ್ಹಾ: ಏಕಾಂತದ್ವೀಪವೊಂದರ ಪರಿಚಯ

ಭೂಪಟವನ್ನು ತೆರೆದು ಆಫ್ರಿಕಾ ಖಂಡದ ದಕ್ಷಿಣತುದಿಯಲ್ಲಿರುವ ಕೇಪ್‌ಟೌನ್ ನಗರದಿಂದ ಪಶ್ಚಿಮಕ್ಕೆ ದೃಷ್ಟಿಯನ್ನು ಹರಿಯಿಸಿದರೆ ದಕ್ಷಿಣ ಅಮೆರಿಕದವರೆಗೂ ಬರಿಯ ನೀಲಿ ಬಣ್ಣವೇ ಕಾಣುತ್ತದೆ. ಆ ನೀಲಿಯ ನಡುವೆ ಸೂಜಿಯ ಮೊನೆಯಿಂದ ಚುಚ್ಚಿದಂತೆ ಒಂದು ಚುಕ್ಕೆಯುಂಟು. ಅದೇ ಟ್ರಿಸ್ಟಾನ್ ದ ಕುನ್ಹಾ. ಜನವಸತಿಯುಳ್ಳ ದ್ವೀಪಗಳಲ್ಲಿ ಇದರಷ್ಟು ದೂರಸ್ಥವಾದುದು ಜಗತ್ತಿನಲ್ಲಿ ಮತ್ತೊಂದಿಲ್ಲ. ಕೇಪ್‌ಟೌನ್ ಇಲ್ಲಿಂದ ಸುಮಾರು 2,800 ಕಿಲೋಮೀಟರ್. ಜನರಿರುವ ಅತ್ಯಂತ ಸಮೀಪದ ನೆರೆಯೆನಿಸಿದ ಸೇಂಟ್ ಹೆಲೆನಾ ದ್ವೀಪವೂ 2,400 ಕಿಲೋಮೀಟರಿನಷ್ಟು ದೂರ. ವಿಮಾನ ಇಳಿಯುವ ಸ್ಥಳವಿಲ್ಲ. ಹಡಗಿನಲ್ಲಿ ಹೋದರೆ ಸುಮಾರು ಒಂದು ವಾರ. ಸಮುದ್ರ ಮುನಿದರೆ ದಡವನ್ನು ಕಣ್ಣೆದುರಿಗೆ ಇಟ್ಟುಕೊಂಡೇ ದಿನಗಟ್ಟಲೆ ಕಾಯಬೇಕು.

ದ್ವೀಪವೆಂದರೆ ವಾಸ್ತವವಾಗಿ ಸಾಗರತಳದಿಂದ ಮೇಲೆದ್ದ ಒಂದು ಜ್ವಾಲಾಮುಖಿಯ ಶಿರೋಭಾಗ ಮಾತ್ರ. ವಿಸ್ತೀರ್ಣ 98 ಚದರ ಕಿಲೋಮೀಟರ್. ಆಕಾರ ಹೆಚ್ಚುಕಡಿಮೆ ವರ್ತುಲ. ನಡುವೆ ‘ಕ್ವೀನ್ ಮೇರೀಸ್ ಪೀಕ್’ ಎಂಬ ಶಿಖರ 2,062 ಮೀಟರ್ ಎತ್ತರಕ್ಕೆ ನಿಂತಿದೆ. ಸುತ್ತಲೂ ಕಡಿದಾದ ಬಂಡೆಗೋಡೆಗಳಿದ್ದು, ವಾಯವ್ಯದಲ್ಲಿ ಮಾತ್ರ ಮನುಷ್ಯರು ಬಾಳಬಹುದಾದ ಕಿರಿದಾದ ಬಯಲಿದೆ. ಸಮೀಪದಲ್ಲಿ ಇನ್ನೆರಡು ಮುಖ್ಯ ದ್ವೀಪಗಳುಂಟು. ಒಂದರ ಹೆಸರು ‘ಇನ್‌ಆ್ಯಕ್ಸೆಸಿಬಲ್’, ಅಂದರೆ ಅಗಮ್ಯ, ಹೆಸರು ಅನ್ವರ್ಥವಾಗಿದೆ. ಇನ್ನೊಂದು ‘ನೈಟಿಂಗೇಲ್’. ಆ ಹೆಸರಿನ ಹಾಡುಹಕ್ಕಿ ಅಲ್ಲಿಲ್ಲ. ಅದು ಒಬ್ಬ ಆಂಗ್ಲ ನಾವಿಕನ ಹೆಸರು. ಆಗ್ನೇಯಕ್ಕೆ ಬಹು ದೂರದಲ್ಲಿ ಗಾಫ್ ದ್ವೀಪವಿದೆ.

1506ರಲ್ಲಿ ಟ್ರಿಸ್ಟಾನ್ ದ ಕುನ್ಹಾ ಎಂಬ ಪೋರ್ಚುಗೀಸ್ ನಾವಿಕನು ಇದನ್ನು ಕಂಡು ತನ್ನ ಹೆಸರನ್ನಿಟ್ಟನು. ಅಲೆಗಳ ಆರ್ಭಟದಿಂದಾಗಿ ಕಾಲಿಡಲು ಮಾತ್ರ ಆಗಲಿಲ್ಲ. ಮುನ್ನೂರು ವರ್ಷಗಳ ಮೇಲೆ, 1816ರಲ್ಲಿ, ಬ್ರಿಟಿಷರು ಇಲ್ಲಿ ಸೇನೆಯ ತುಕಡಿಯೊಂದನ್ನು ಇಳಿಸಿದರು. ಸೇಂಟ್ ಹೆಲೆನಾದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್ನನನ್ನು ಬಿಡಿಸಿಕೊಳ್ಳಲು ಯಾರಾದರೂ ಈ ದ್ವೀಪವನ್ನು ನೆಲೆಯಾಗಿ ಬಳಸಿಯಾರೆಂಬ ಶಂಕೆಯೇ ಇದಕ್ಕೆ ಒಂದು ಕಾರಣ. ಎರಡು ಸಾವಿರಕ್ಕೂ ಮಿಕ್ಕ ಕಿಲೋಮೀಟರುಗಳ ಆಚೆ ಕಾವಲಿಡಿಸಿದ ಆ ಭಯ ಎಷ್ಟಿದ್ದೀತೆಂಬುದನ್ನು ಊಹಿಸಬಹುದು. ಮರುವರ್ಷವೇ ಸೇನೆ ಹಿಂದಿರುಗಿತು. ಆದರೆ ವಿಲಿಯಂ ಗ್ಲಾಸ್ ಎಂಬ ಸ್ಕಾಟ್ಲೆಂಡಿನ ಸೈನಿಕನು ಅನುಮತಿ ಪಡೆದು ಪತ್ನಿ ಮತ್ತು ಮಕ್ಕಳೊಂದಿಗೆ ಅಲ್ಲೇ ಉಳಿದನು. ಕಲ್ಲುಕೆಲಸದವರಿಬ್ಬರು ಜೊತೆಗೂಡಿದರು. 1817ರಲ್ಲಿ ಅವರು ಬರೆದುಕೊಂಡ ಒಡಂಬಡಿಕೆಯು ಸಣ್ಣದಾದರೂ ಅಪೂರ್ವವಾದುದು: ಸರಕೆಲ್ಲವೂ ಸರ್ವರಿಗೆ ಸಮಾನ, ಲಾಭ ಸಮಪಾಲು, ಒಬ್ಬನು ಮತ್ತೊಬ್ಬನಿಗಿಂತ ಮೇಲೆನಿಸಿಕೊಳ್ಳತಕ್ಕದ್ದಲ್ಲ. 1827ರಲ್ಲಿ ಸೇಂಟ್ ಹೆಲೆನಾದಿಂದ ಐವರು ಸ್ತ್ರೀಯರು ಬಂದು ಹೊಸ ಸಂಸಾರಗಳು ನೆಲೆಗೊಂಡವು. ಒಡೆದ ಹಡಗುಗಳ ನಾವಿಕರೂ ಕೆಲವರು ಸೇರಿಕೊಂಡರು. ಇಂದಿಗೂ ದ್ವೀಪದ ಭೂಮಿ ಸಮುದಾಯದ ಸ್ವತ್ತು, ಹೊರಗಿನವರಿಗೆ ಮಾರುವಂತಿಲ್ಲ. ಊರಿಗೆ ‘ಸಪ್ತಸಮುದ್ರಗಳ ಎಡಿನ್‌ಬರೋ’ ಎಂಬ ಭಾರಿ ಹೆಸರಿದ್ದರೂ, ಊರವರ ಬಾಯಲ್ಲಿ ಅದು ಬರಿಯ ‘ಸೆಟ್ಲ್‌ಮೆಂಟ್’.

ಕಡಲು ಅವರಿಗೆ ಅನ್ನವನ್ನೂ ಕೊಟ್ಟಿತು, ಆಳನ್ನೂ ಕಿತ್ತುಕೊಂಡಿತು. 1885ರಲ್ಲಿ ದೂರದಲ್ಲಿ ಕಂಡ ಹಡಗಿನೆಡೆಗೆ ದೋಣಿ ನೂಕಿಕೊಂಡು ಹೋದ ಹದಿನೈದು ಮಂದಿ ಗಂಡಸರಲ್ಲಿ ಒಬ್ಬರೂ ಮರಳಲಿಲ್ಲ. ಊರು ವಿಧವೆಯರ ಊರಾಯಿತು.

ಇದಕ್ಕಿಂತಲೂ ದೊಡ್ಡ ಪರೀಕ್ಷೆ 1961ರಲ್ಲಿ ಒದಗಿತು. ಆ ವರ್ಷ ಆಗಸ್ಟಿನಿಂದಲೇ ಭೂಮಿ ನಡುಗತೊಡಗಿತ್ತು. ಅಕ್ಟೋಬರ್ 10ರಂದು ಊರಿನ ಪಕ್ಕದಲ್ಲಿಯೇ ನೆಲ ಬಿರಿದು ಲಾವಾ ಉಕ್ಕಿತು. 264 ಮಂದಿ ನಿವಾಸಿಗಳು ಉಟ್ಟ ಬಟ್ಟೆಯಲ್ಲಿ ದೋಣಿಯೇರಿ ನೈಟಿಂಗೇಲಿಗೆ ಹೋಗಿ, ಅಲ್ಲಿಂದ ಕೇಪ್‌ಟೌನ್ ಮಾರ್ಗವಾಗಿ ಇಂಗ್ಲೆಂಡನ್ನು ಸೇರಿದರು. ಸೌತಾಂಪ್ಟನ್ನಿನ ಬಳಿಯ ಕಾಲ್‌ಶಾಟ್ ಎಂಬಲ್ಲಿ ಅವರಿಗೆ ವಸತಿ ದೊರೆಯಿತು. ವಿದ್ಯುದ್ದೀಪ, ಕೂಲಿ, ಅಂಗಡಿ, ಆಸ್ಪತ್ರೆ, ಎಲ್ಲವೂ ಇದ್ದವು. ಹಿಂದುಳಿದ ಜನ ಇನ್ನು ಹಿಂದಿರುಗಲಾರರೆಂದೇ ಅನೇಕರು ಭಾವಿಸಿದ್ದರು. 1962ರಲ್ಲಿ ಮತ ಕೇಳಿದಾಗ ಮರಳಬೇಕೆಂದವರು 148, ಇಲ್ಲಿಯೇ ಇರಬೇಕೆಂದವರು ಐವರು. ಲಾವಾ ಕಡಲಸೀಗಡಿಯ ಕಾರ್ಖಾನೆಯನ್ನೂ ದೋಣಿ ಇಳಿಸುವ ದಡವನ್ನೂ ನುಂಗಿತ್ತು. ಆದರೆ ಮನೆಗಳು ಬಹುಮಟ್ಟಿಗೆ ಉಳಿದಿದ್ದವು. 1963ರಲ್ಲಿ ಬಹುಪಾಲು ಜನ ತಮ್ಮ ಹುಲ್ಲುಗಾವಲಿಗೆ, ಆಲೂಗೆಡ್ಡೆಯ ಮಡಿಗಳಿಗೆ ಮರಳಿದರು. ಬಳಿಕ ಕಟ್ಟಿದ ಪುಟ್ಟ ಬಂದರಿಗೆ ‘ಕಾಲ್‌ಶಾಟ್’ ಎಂದೇ ಹೆಸರಿಟ್ಟರು. ಬಿಟ್ಟುಬಂದರೂ ಆಶ್ರಯವಿತ್ತ ಸ್ಥಳವನ್ನು ಅವರು ಮರೆಯಲಿಲ್ಲ.

ಇನ್ನು ಪ್ರಾಣಿಸಂಪತ್ತು. ಖಂಡಗಳಿಂದ ದೂರವಿರುವ ಇಂತಹ ನೆಲಕ್ಕೆ ಹಾರಿ ಬಂದವು, ಈಜಿ ಬಂದವು, ಮನುಷ್ಯನು ತಂದವು ಮಾತ್ರವೇ ಇರಲು ಸಾಧ್ಯ. ಅಗಮ್ಯ ದ್ವೀಪದಲ್ಲಿ ನಮ್ಮ ಹುಂಡುಕೋಳಿಯ ವಂಶಕ್ಕೆ ಸೇರಿದ ಒಂದು ಹಕ್ಕಿಯಿದೆ. ತೂಕ ಸುಮಾರು ನಲವತ್ತು ಗ್ರಾಂ. ಹಾರಲಾರದ ಹಕ್ಕಿಗಳಲ್ಲಿ ಜಗತ್ತಿನಲ್ಲಿಯೇ ಇದು ಅತ್ಯಂತ ಚಿಕ್ಕದು. ಇದರ ಪೂರ್ವಿಕರು ಸುಮಾರು ಹದಿನೈದು ಲಕ್ಷ ವರ್ಷಗಳ ಹಿಂದೆ ದಕ್ಷಿಣ ಅಮೆರಿಕದಿಂದ ಹಾರಿ ಬಂದವರೆಂದು ವಿಜ್ಞಾನಿಗಳು 2018ರಲ್ಲಿ ತಿಳಿಸಿದರು. ನೆಲದ ಮೇಲೆ ಶತ್ರುವಿಲ್ಲದ ಕಡೆ ರೆಕ್ಕೆಯ ಅಗತ್ಯ ಕುಗ್ಗಿತು. ತಲೆಮಾರುಗಳು ಕಳೆದಂತೆ ಹಾರುವ ಶಕ್ತಿಯೇ ನಷ್ಟವಾಯಿತು. ಇಲಿ ಹೆಗ್ಗಣಗಳು ಆ ದ್ವೀಪವನ್ನು ಮುಟ್ಟದಿರುವುದೇ ಅದರ ಆಯುಸ್ಸು. ಮುಖ್ಯ ದ್ವೀಪಕ್ಕೆ ಆ ಭಾಗ್ಯವಿಲ್ಲ: 1882ರಲ್ಲಿ ದಡಕ್ಕೆ ಬಿದ್ದ ಹಡಗೊಂದರಿಂದ ಇಳಿದ ಇಲಿಗಳು ಇಂದಿಗೂ ಅಲ್ಲಿವೆ. ಗಾಫ್ ದ್ವೀಪದಲ್ಲಂತೂ ಚಿಟ್ಟಿಲಿಗಳು, ಗೂಡಿನಲ್ಲಿ ಕುಳಿತ ಆಲ್ಬಟ್ರಾಸ್ ಎಂಬ ಮಹಾಪಕ್ಷಿಯ ಮರಿಗಳನ್ನು, ತಮಗಿಂತ ನೂರಾರು ಪಾಲು ಭಾರವಾದವನ್ನು, ಜೀವಂತವಾಗಿಯೇ ಕಚ್ಚಿ ತಿನ್ನುತ್ತವೆ. 2021ರಲ್ಲಿ ಹೆಲಿಕಾಪ್ಟರುಗಳಿಂದ ವಿಷದ ತಿನಿಸನ್ನು ಚೆಲ್ಲಿ ಅವನ್ನು ನಿರ್ಮೂಲ ಮಾಡಲು ಯತ್ನಿಸಲಾಯಿತು. ಅದೇ ವರ್ಷದ ಕೊನೆಯಲ್ಲಿ ಒಂದು ಇಲಿ ಮತ್ತೆ ಕಾಣಿಸಿಕೊಂಡಿತು.

ಬಂಡೆಯಿಂದ ಬಂಡೆಗೆ ಕುಪ್ಪಳಿಸುವ, ಹುಬ್ಬಿನ ಮೇಲೆ ಹಳದಿಯ ಕುಚ್ಚುಳ್ಳ ಪೆಂಗ್ವಿನ್ನುಗಳು ಈ ದ್ವೀಪಗಳ ಇನ್ನೊಂದು ವಿಶೇಷ. 2011ರ ಮಾರ್ಚಿಯಲ್ಲಿ ‘ಒಲಿವಾ’ ಎಂಬ ಸರಕುಹಡಗು ನೈಟಿಂಗೇಲಿಗೆ ಬಡಿದು ಒಡೆದು ತೈಲ ಹರಡಿದಾಗ, ಎಣ್ಣೆ ಮೆತ್ತಿದ ಮೂರು ಸಾವಿರಕ್ಕೂ ಹೆಚ್ಚು ಪೆಂಗ್ವಿನ್ನುಗಳನ್ನು ದ್ವೀಪದವರು ಹಿಡಿದು ತಂದು ತೊಳೆದು ಉಪಚರಿಸಿದರು. ಮುನ್ನೂರರ ಜನಸಂಖ್ಯೆಯೂ ಇಲ್ಲದ ಊರು ಅದು. ಮಕ್ಕಳ ಈಜುಕೊಳವನ್ನೇ ಹಕ್ಕಿಗಳಿಗೆ ಬಿಟ್ಟುಕೊಟ್ಟರು. ಹೆಚ್ಚಿನವು ಬದುಕಲಿಲ್ಲ.

2020ರಲ್ಲಿ ದ್ವೀಪದ ಜನರೇ ತಮ್ಮ ಸುತ್ತಲಿನ ಸುಮಾರು 6,87,000 ಚದರ ಕಿಲೋಮೀಟರ್ ಸಮುದ್ರವನ್ನು ಸಂರಕ್ಷಿತವೆಂದು ಘೋಷಿಸಿ ಅದರ ಬಹುಭಾಗದಲ್ಲಿ ಮೀನುಗಾರಿಕೆಯನ್ನು ನಿಷೇಧಿಸಿದರು. ತಮ್ಮ ಜೀವನಾಧಾರವಾದ ಕಡಲಸೀಗಡಿಯನ್ನು ದಡದ ಸಮೀಪದ ನೀರಿನಲ್ಲಿ, ನಿಗದಿಯಾದ ಪ್ರಮಾಣದಲ್ಲಿ ಮಾತ್ರ ಅವರು ಹಿಡಿಯುತ್ತಾರೆ.